ಕೊಲ್ಲುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ

ಯಾರ ಬಳಕೆಗೆ

ಸಕಲೇಶಪುರ, ಆಲೂರು ಕಡೆಯ ಯಾವುದೋ ತೋಟದ ಮನೆಯಲ್ಲಿ ಕೂತು, ಹದಿಮೂರರಿಂದ ಹದಿನೆಂಟರೊಳಗಿನವರಿಗೆಂದು ಕಾದಂಬರಿ ಬರೆಯುತ್ತ ನೂರ ನಲವತ್ತನೇ ಪುಟಕ್ಕೆ ಬಂದು, ಮುಂದೇನೂ ಹೊಳೆಯದೆ, ‘ಇವಳನ್ನು ಸಾಯಿಸಿಬಿಟ್ಟರೆ ಹೇಗೆ?’ ಎಂದು ಕಿಟಕಿಯಾಚೆ ನೋಡುತ್ತಿರುವವರ ಬಳಕೆಗೆ ಈ ಕೈಪಿಡಿ. ಬೇರೆ ಊರಿನವರೂ ಬಳಸಬಹುದು. ಫಲಿತಾಂಶ ಆಯಾ ಊರಿನ ಮಳೆಗೆ ತಕ್ಕಂತೆ.

ಮೊದಲೇ ಒಂದು ಸ್ಪಷ್ಟನೆ. ಈ ಸೀಮೆಯಲ್ಲಿ ‘ನಾನು ರೈಟರ್’ ಎಂದರೆ ‘ಯಾವ ತೋಟದಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಕಾಫಿ ತೋಟದಲ್ಲಿ ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕುವವನು, ಚೆಕ್‌ರೋಲ್ ಬರೆಯುವವನು, ಯಾರು ಬಂದರು ಯಾರು ಬರಲಿಲ್ಲ ಎಂದು ಲೆಕ್ಕ ಇಡುವವನು. ಮೊದಮೊದಲು ಈ ಪ್ರಶ್ನೆಗೆ ನನಗೆ ಮುಖ ಕೆಂಪಾಗುತ್ತಿತ್ತು. ಈಗ ಆ ರೈಟರನ ಕೆಲಸವನ್ನೇ ನಾನು ಇನ್ನೂ ಸರಿಯಾಗಿ ಕಲಿತಿಲ್ಲ ಅನ್ನಿಸುತ್ತದೆ.

ಪೆಟ್ಟಿಗೆ ಬಿಚ್ಚಿದಾಗ

ಒಳಗೆ ಈ ಸಾಮಾನುಗಳಿವೆಯೇ ನೋಡಿಕೊಳ್ಳಿ. ಮುಖ್ಯ ಪಾತ್ರ ಒಂದು. ಅದಕ್ಕೊಬ್ಬ ತಮ್ಮನೋ ಗೆಳತಿಯೋ. ಅಜ್ಜಿ ಒಂದು. ನಾಯಿ ಒಂದು. ನಮ್ಮ ಕಡೆಯ ಮಾದರಿಯಾದರೆ ಆನೆ ಒಂದು, ಉಚಿತ.

ಹೊಸಬರು ಮೊದಲು ಅಜ್ಜಿಯ ಮೇಲೆ ಕೈ ಹಾಕುತ್ತಾರೆ. ಅಜ್ಜಿ ಸತ್ತರೆ ಯಾರೂ ಲೇಖಕರಿಗೆ ಕಾಗದ ಬರೆಯುವುದಿಲ್ಲ, ಕಥೆಗೂ ಒಂದಿಷ್ಟು ಒದ್ದೆ ಸಿಗುತ್ತದೆ. ಎರಡನೇ ಸರದಿ ನಾಯಿಯದು. ಅಲ್ಲಿ ಹುಷಾರು. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ತುಂಗೆಯ ಪಾಲು ಮಾಡಿದರು. ಅಷ್ಟು ದೊಡ್ಡ ಪುಸ್ತಕದಲ್ಲಿ ಯಾವ ಗೌಡರ ಮನೆಯವರು ಯಾರ ನೆಂಟರು ಎಂಬುದೆಲ್ಲ ಮರೆತ ಓದುಗರೂ ಹುಲಿಯನನ್ನು ಮರೆತಿಲ್ಲ. ಮುಖ್ಯ ಪಾತ್ರ ಯಾರೆಂದು ಲೇಖಕರು ತೀರ್ಮಾನಿಸಿರುತ್ತಾರೆ, ಓದುಗರು ತಮಗೆ ಬೇಕಾದವರನ್ನು ಆರಿಸಿಕೊಂಡಿರುತ್ತಾರೆ. ಕೊಂದ ಮೇಲೇ ಇದು ತಿಳಿಯುವುದು.

ಇನ್ನು ಹೆಸರು. ನಮ್ಮ ಮನೆಗಳಲ್ಲಿ ಸಾರಿಗೆ ಹೋಗುವ ಕೋಳಿಗೆ ಹೆಸರಿಡುವುದಿಲ್ಲ. ಹೆಸರಿಟ್ಟ ಕೋಳಿ ಮುದಿಯಾಗಿ, ಮೊಟ್ಟೆ ನಿಲ್ಲಿಸಿ, ಜಗಲಿಯ ಮೇಲೆ ಗಲೀಜು ಮಾಡಿಕೊಂಡು ಸಹಜವಾಗಿ ಸಾಯುತ್ತದೆ. ನನ್ನ ಕಾದಂಬರಿಯ ಹುಡುಗಿ ಒಂಬತ್ತನೇ ತರಗತಿ, ಮಗ್ಗೆ ಕಡೆಯವಳು, ಎಡಗೈಯವಳು. ನೂರ ನಲವತ್ತು ಪುಟದವರೆಗೂ ಅವಳಿಗೆ ಹೆಸರಿಟ್ಟಿಲ್ಲ. ಎಲ್ಲರೂ ಅವಳನ್ನು ‘ಏಯ್’ ಅನ್ನುತ್ತಾರೆ. ಇದು ಶೈಲಿ ಎಂದು ಕೇಳಿದವರಿಗೆ ಹೇಳಿದ್ದೇನೆ. ಹೇಡಿತನ ಅದು.

ಬಳಕೆದಾರರ ವಯಸ್ಸು

ಇಂಗ್ಲಿಷಿನವರು ‘ಯಂಗ್ ಅಡಲ್ಟ್’ ಎಂದು ಒಂದು ಕಪಾಟನ್ನೇ ಮಾಡಿಕೊಂಡಿದ್ದಾರೆ. ನಮ್ಮ ಪುಸ್ತಕದಂಗಡಿಗಳಲ್ಲಿ ‘ಮಕ್ಕಳ ಸಾಹಿತ್ಯ’ ಮುಗಿದ ಕೂಡಲೇ ‘ಕಾದಂಬರಿ’ ಶುರು. ನಡುವಿನ ಐದಾರು ವರ್ಷ ಹುಡುಗರು ಎಲ್ಲಿ ನಿಲ್ಲಬೇಕೋ ತಿಳಿಯದು. ನಮ್ಮ ಬೆಟ್ಟಗಳಲ್ಲಿ ಆ ವರ್ಷಗಳನ್ನು ಬಹುಕಾಲ ಒಬ್ಬರೇ ನಿಭಾಯಿಸಿದರು: ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಅವರು ಹದಿಹರೆಯದವರಿಗೆಂದು ಬರೆದವರಲ್ಲ, ಹದಿಹರೆಯದವರು ಹೋಗಿ ಅವರನ್ನು ಕದ್ದುಕೊಂಡು ಬಂದರು. ಈಚೆಗೆ ಪರವಾಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಬಂತು. ಮೂರೂ ಕಾದಂಬರಿಗಳೇ. ಅಂತೂ ಕೊಲ್ಲಬಹುದಾದಷ್ಟು ಪಾತ್ರಗಳು ಈಗ ಕನ್ನಡದಲ್ಲಿ ಹುಟ್ಟುತ್ತಿವೆ.

‘ಮಕ್ಕಳ ಮನಸ್ಸು ಇದನ್ನೆಲ್ಲ ತಡೆಯುವುದಿಲ್ಲ’ ಎಂದು ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಹೇಳುವಾಗ ಅವರ ಹಿಂದಿನ ಗೋಡೆಯ ಮೇಲೆ ಶಾಲಾ ವಾರ್ಷಿಕೋತ್ಸವದ ಫೋಟೊ ಇರುತ್ತದೆ. ಅದರಲ್ಲಿ ಮೊಮ್ಮಗ ಇಲಿಯ ವೇಷದಲ್ಲಿರುತ್ತಾನೆ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಹಿರಿಯರು ಮಾತಿಗೆ ತಪ್ಪಿದ್ದಕ್ಕೆ ಊರಿನ ಮಕ್ಕಳೇ ಬೆಟ್ಟದೊಳಗೆ ಮಾಯವಾಗುತ್ತಾರೆ. ಇದನ್ನು ನಾವು ತಲೆಮಾರುಗಳಿಂದ ಒಂದನೇ ತರಗತಿಯ ಮಕ್ಕಳಿಂದಲೇ ಕುಣಿಸುತ್ತಿದ್ದೇವೆ, ಕೊನೆಯಲ್ಲಿ ಸಿಹಿ ಹಂಚುತ್ತಿದ್ದೇವೆ. ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿ ಸಾಯಬೇಕು ಎಂಬಲ್ಲಿಗೆ ಕಥೆ ಬಂದು ನಿಂತಿದೆ, ಕರು ಅನಾಥವಾಗುವುದು ಖಚಿತವಾಗಿದೆ. ಆಗ ಯಾರೋ ಹೆಸರಿಲ್ಲದ ಕವಿ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಹುಲಿಯನ್ನು ಸಾಯಿಸಿಬಿಟ್ಟ. ಹಸುವಿಗಾಗಿ ಅಳಲು ತಯಾರಾಗಿದ್ದ ಮಕ್ಕಳು ಹುಲಿಗಾಗಿ ಅತ್ತರು. ಎಷ್ಟು ಮಕ್ಕಳಿಗೆ ಹುಲಿಯ ಮೇಲೇ ಹೆಚ್ಚು ಕನಿಕರ ಎಂದು ಯಾವುದೇ ಶಾಲೆಯಲ್ಲಿ ಕೇಳಿ ನೋಡಿ. ಬೋಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಇದೇ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆ ನಾಯಕನಿಗೆ ಗುಂಡು ಬೀಳುತ್ತದೆ ಎಂಬುದು ಮೊದಲ ಪುಟ ತೆರೆಯುವ ಮಗುವಿಗೂ ಗೊತ್ತು. ಗೊತ್ತಿದ್ದೂ ಓದುತ್ತದೆ.

ಸಾವನ್ನು ನಾನು ಮೊದಲು ನೋಡಿದ್ದು ಯಕ್ಷಗಾನದಲ್ಲಿ. ಗದ್ದೆ ಕೊಯ್ಲಾದ ಮೇಲೆ ಮೇಳ ಬಂದಿತ್ತು, ‘ಅಭಿಮನ್ಯು ಕಾಳಗ’. ಹದಿನಾರರ ಹುಡುಗನನ್ನು ಅಷ್ಟು ಜನ ದೊಡ್ಡವರು ಸುತ್ತುವರಿದು ಕೊಂದಾಗ ನಾನು ಅಮ್ಮನ ಸೆರಗು ಹಿಡಿದು ಗೋಳಾಡಿದೆ. ಸಮಾಧಾನ ಮಾಡಲು ಅಪ್ಪ ಎತ್ತಿಕೊಂಡು ಚೌಕಿಗೆ ಹೋದರು. ಅಲ್ಲಿ ಅಭಿಮನ್ಯು ಕಿರೀಟ ಬಿಚ್ಚಿಟ್ಟು, ಬೆವರೊರೆಸಿಕೊಳ್ಳುತ್ತ, ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ನನ್ನನ್ನು ನೋಡಿ ಬೋಂಡದಲ್ಲಿ ಅರ್ಧ ಮುರಿದು ಕೊಟ್ಟ. ಸತ್ತವರು ಹಿಂಬದಿಯ ಗುಡಾರದಲ್ಲಿ ಚಹಾ ಕುಡಿಯುತ್ತಿರುತ್ತಾರೆ ಎಂಬ ತಿಳಿವಳಿಕೆಯಲ್ಲಿ ನನ್ನ ಮುಂದಿನ ಮೂರು ವರ್ಷ ಸುಖವಾಗಿ ಕಳೆದವು. ಚಂದಮಾಮವೂ ಅದಕ್ಕೆ ಬೆಂಬಲವಾಗಿತ್ತು. ಅಲ್ಲಿ ಬೇತಾಳ ಹೊಕ್ಕ ಹೆಣವೇ ಕಥೆ ಹೇಳುತ್ತಿತ್ತು. ಕೊನೆಗೆ ನಿಂತು ಹೋದದ್ದು ಪತ್ರಿಕೆ.

ಈಗಿನ ಓದುಗರಿಗೆ ಆ ಸುಖವೂ ಇಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಇಲ್ಲಿನ ಮಕ್ಕಳು ಅಪ್ಪನ ಫೋನು ನೋಡುತ್ತಾರೆ. ಬೀಟಮ್ಮ ಎಂಬ ಆನೆಯ ಗುಂಪು ಎಲ್ಲಿದೆ, ಭುವನೇಶ್ವರಿಯ ಗುಂಪು ಯಾವ ತೋಟ ದಾಟಿತು, ಒಂಟಿಸಲಗ ರಸ್ತೆಗೆ ಬಂದಿದೆಯೇ ಎಂದೆಲ್ಲ ಅದರಲ್ಲಿ ಬಂದಿರುತ್ತದೆ. ಮುಂಜಾನೆ ಏಳೂವರೆಗೆ ಜೀವ ಹೋಗುವ ಸಾಧ್ಯತೆಯನ್ನು ಲೆಕ್ಕ ಹಾಕಿ ಬಸ್ಸು ಹತ್ತುವ ಹುಡುಗಿಗೆ ಪುಸ್ತಕದ ನೂರ ನಲವತ್ತನೇ ಪುಟದ ಸಾವಿನಿಂದ ಆಘಾತವಾಗುತ್ತದೆ ಎಂದು ಪಟ್ಟಣದಲ್ಲಿ ಕೂತವರು ಹೇಳಿದರೆ ಅವಳಿಗೆ ನಗು ಬರಬಹುದು. ಅವಳು ಹೆದರುವುದು ಬೇರೆಯದಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಗಿಡ ಕೀಳುವ ಮುನ್ನ

ಕೊಲ್ಲಬೇಕೋ ಬೇಡವೋ ಎಂಬುದಕ್ಕೆ ಸಾಹಿತ್ಯ ವಿಮರ್ಶೆಯಲ್ಲಿ ಸಿಗದ ಒಂದು ಪರೀಕ್ಷೆ ಕಾಫಿ ತೋಟದಲ್ಲಿದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹಿಡಿದರೆ ಮೊದಲಿಗೆ ಹೊರಗೇನೂ ಕಾಣುವುದಿಲ್ಲ. ಎಲೆ ತುಸು ಹಳದಿ, ಕಾಂಡದ ಮೇಲೆ ಒಂದು ಉಬ್ಬುಗೆರೆ, ಅಷ್ಟೆ. ಒಳಗೆ ಹುಳ ಸುರಂಗ ಕೊರೆದಿರುತ್ತದೆ. ತಿಳಿದವರು ಗಿಡಗಿಡದ ಬುಡಕ್ಕೂ ಕೂತು ಕಾಂಡದ ಮೇಲೆ ಬೆರಳಾಡಿಸಿ ಆ ಗೆರೆ ಹುಡುಕುತ್ತಾರೆ. ಇದಕ್ಕೆ ಟ್ರೇಸಿಂಗ್ ಅನ್ನುತ್ತಾರೆ. ದುಂಬಿಯಾಗಿ ಹೊರಬಂದು ಹಾರುವ ಕಾಲ ವರ್ಷಕ್ಕೆರಡು: ಏಪ್ರಿಲ್-ಮೇ ಒಂದು, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅದಕ್ಕೆ ಮೊದಲೇ ಗಿಡವನ್ನು ಬುಡಸಹಿತ ಕಿತ್ತು ಸುಡಬೇಕು. ಹದಿನೈದು ವರ್ಷ ಫಸಲು ಕೊಟ್ಟ ಗಿಡವಾದರೂ ಅಷ್ಟೆ.

ನಿಮ್ಮ ಹಸ್ತಪ್ರತಿಯನ್ನೂ ಹಾಗೆ ಮುಟ್ಟಿ ನೋಡಿ. ಒಂದನೇ ಪುಟದಿಂದ ನೂರ ನಲವತ್ತರವರೆಗೆ ಬೆರಳಾಡಿಸಿದರೆ ಎಲ್ಲಾದರೂ ಗೆರೆ ಕೈಗೆ ಸಿಗುತ್ತದೆಯೇ? ಒಂದೂ ಸಿಗದಿದ್ದರೆ ಹುಳ ಹಿಡಿದಿರುವುದು ಪಾತ್ರಕ್ಕಲ್ಲ, ಬರೆಯುವವರಿಗೆ. ಮೂರು ದಿನ ಪುಸ್ತಕ ಮುಚ್ಚಿಟ್ಟು ತೋಟ ಸುತ್ತಿ ಬನ್ನಿ. ಹಾಗೆಂದು ಗೆರೆಗಳು ಬೇಕಾಬಿಟ್ಟಿ ಇರಲೂಬಾರದು. ಮೂರನೇ ಪುಟದಿಂದಲೇ ನಾಯಕಿ ಕೆಮ್ಮುತ್ತಿದ್ದರೆ ಹದಿನಾಲ್ಕರ ಓದುಗಿ ಹತ್ತನೇ ಪುಟದಲ್ಲೇ ತಿಥಿ ಮಾಡಿ ಕೈ ತೊಳೆದುಕೊಳ್ಳುತ್ತಾಳೆ.

‘ನಿಜಜೀವನದ ಸಾವಿಗೆ ಗೆರೆಗಿರೆ ಇರುವುದಿಲ್ಲ, ದಿಢೀರನೆ ಬರುತ್ತದೆ’ ಎಂದು ವಾದಿಸಬಹುದು. ನಾನೂ ವಾದಿಸಿದ್ದೆ. ಆದರೆ ದಿಢೀರ್ ಅನ್ನುವ ಸಾವುಗಳನ್ನು ಹಿಂತಿರುಗಿ ನೋಡಿದರೆ ಗೆರೆ ಸತ್ತವರ ಮೇಲೆ ಇಲ್ಲದಿದ್ದರೂ ಊರಿನ ಮೇಲೆ ಇರುತ್ತದೆ. ಎಲ್ಲರೂ ನೋಡಿರುತ್ತಾರೆ, ಯಾರೂ ಬೆರಳಾಡಿಸಿರುವುದಿಲ್ಲ.

ಸ್ಥಳದ ಆಯ್ಕೆ

ಮಂಜರಾಬಾದ್ ಕೋಟೆಯ ಮೇಲಿಂದ ಬೀಳಿಸಬೇಡಿ. ಟಿಪ್ಪು ಕಟ್ಟಿಸಿದ ಆ ನಕ್ಷತ್ರದಾಕಾರದ ಕೋಟೆಯ ಎಂಟೂ ಮೂಲೆಗಳಲ್ಲಿ ಈಗ ಯಾರಾದರೂ ರೀಲ್ಸ್ ಮಾಡುತ್ತಿರುತ್ತಾರೆ, ಬೀಳುವವರಿಗೆ ಏಕಾಂತ ಸಿಗುವುದಿಲ್ಲ. ಶಿರಾಡಿ ಘಾಟಿಯ ಅಪಘಾತ ಬೇಡ, ಅದು ಪತ್ರಿಕೆಯ ಜಿಲ್ಲಾ ಪುಟದ ಎರಡು ಸಾಲು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲುದಾರಿಯಲ್ಲಿ 57 ಸುರಂಗಗಳಿವೆ, ಲೇಖಕರಿಗೆ ದೊಡ್ಡ ಆಸೆ ಹುಟ್ಟಿಸುವ ಜಾಗ. ಆದರೆ ಪ್ರತಿ ಸುರಂಗದಾಚೆಗೂ ಬೆಳಕು ಬರುವುದನ್ನು ಐವತ್ತಾರು ಸಲ ನೋಡಿದ ಓದುಗ ಐವತ್ತೇಳನೆಯದರಲ್ಲಿ ಕತ್ತಲನ್ನು ನಂಬುವುದಿಲ್ಲ.

ವಿಶೇಷ ಎಚ್ಚರಿಕೆ: ಹೆಸರುಗಳನ್ನು ನಂಬಬೇಡಿ

ಈ ಭಾಗವನ್ನು ಎರಡು ಸಲ ಓದಿ.

1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಒಂದು ಗಂಡಾನೆ ಖೆಡ್ಡಾಕ್ಕೆ ಬಿತ್ತು. ಅರ್ಜುನ ಎಂದು ಹೆಸರಿಟ್ಟರು. ಪಳಗಿತು, ಬೆಳೆಯಿತು, 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೊ ತೂಗುವ ಚಿನ್ನದ ಅಂಬಾರಿ ಹೊತ್ತು ಮೈಸೂರಿನ ಬೀದಿಯಲ್ಲಿ ನಡೆಯಿತು. ನಾಡಿನ ಮಕ್ಕಳೆಲ್ಲ ಟಿವಿಯಲ್ಲಿ ನೋಡಿದರು. ಮುಖ್ಯ ಪಾತ್ರ ಎಂದರೆ ಇದಕ್ಕಿಂತ ಮುಖ್ಯ ಇನ್ನೇನಿದೆ? ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದು ಎಂಬ ನಿಯಮದಂತೆ 2020ರಲ್ಲಿ ಅಂಬಾರಿ ಅಭಿಮನ್ಯು ಎಂಬ ಆನೆಯ ಬೆನ್ನಿಗೆ ಹೋಯಿತು. ಅರ್ಜುನ ನಿವೃತ್ತ. ಕಾದಂಬರಿಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು, ಕೊನೆಯ ಅಧ್ಯಾಯದಲ್ಲಿ ಬೆಲ್ಲ, ಭತ್ತ, ಕಬಿನಿಯ ಹಿನ್ನೀರು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳಿಕಟ್ಟೆಯಲ್ಲಿ, ಅರ್ಜುನನನ್ನೂ ಕರೆತಂದಿದ್ದ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ, ಮದವೇರಿದ್ದ ಒಂಟಿಸಲಗ ಮೇಲೆ ಬಿತ್ತು. ಬೇರೆ ಸಾಕಾನೆಗಳು ಹಿಂದೆ ಸರಿದವು. ಅರ್ಜುನ ಸರಿಯಲಿಲ್ಲ. ವಯಸ್ಸು ಸುಮಾರು ಅರವತ್ತನಾಲ್ಕು.

ಭಾರ ಹೊರಲು ಮುದುಕ, ಮದಗಜದ ಜೊತೆ ಕಾದಾಡಲು ಮುದುಕನಲ್ಲ. ಇಂಥ ತಿರುವನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ನಂಬಲು ಕಷ್ಟ’ ಎಂದು ಬರೆಯುತ್ತಿದ್ದರು. ನಾಡಿನ ಜನ ಅದನ್ನೇ ಬೇರೆ ಮಾತಿನಲ್ಲಿ ಕೇಳಿದರು. ತನಿಖೆಯಾಗಲಿ ಎಂದರು. ಮಾವುತ ಅಳುತ್ತಿದ್ದ ವಿಡಿಯೊ ಮನೆಮನೆಯ ಫೋನಿಗೆ ಬಂತು. ಮರುದಿನ ಅಲ್ಲೇ, ಬಿದ್ದ ಕಾಡಿನಲ್ಲೇ, ಗೌರವ ಸಲ್ಲಿಸಿ ಮಣ್ಣು ಮಾಡಿದರು. ಸರ್ಕಾರ ಸ್ಮಾರಕ ಘೋಷಿಸಿತು. ಓದುಗರು ಪುಸ್ತಕವನ್ನು ಗೋಡೆಗೆಸೆಯುವುದು ಸಾವಿಗಲ್ಲ, ಆ ಸಾವು ಬೇಕಿರಲಿಲ್ಲ ಎಂಬ ಸಿಟ್ಟಿಗೆ. ಲೇಖಕ ಕೊಂದನೋ, ಲೇಖಕನ ಅಜಾಗ್ರತೆ ಕೊಂದಿತೋ ಎಂಬ ವ್ಯತ್ಯಾಸವನ್ನು ಹದಿಮೂರು ವರ್ಷದವರು ಪಕ್ಕಾ ಗುರುತಿಸುತ್ತಾರೆ.

ಈಗ ಹೆಸರುಗಳಿಗೆ ಬರೋಣ. ಮಹಾಭಾರತದಲ್ಲಿ ಅಭಿಮನ್ಯು ಸತ್ತ, ಅರ್ಜುನ ಬದುಕಿ ಅತ್ತ. ಇಲ್ಲಿ ಅರ್ಜುನ ಸತ್ತ, ಅಭಿಮನ್ಯು ಅಂಬಾರಿ ಹೊತ್ತ. ಸಾವೇ ಇಲ್ಲದ ಚಿರಂಜೀವಿ ಎಂದು ಅಶ್ವತ್ಥಾಮನ ಹೆಸರಿಟ್ಟ ಆನೆ 2017ರಲ್ಲಿ ಸಕಲೇಶಪುರದ ಕಾಡಿನಲ್ಲೇ ಸೆರೆ ಸಿಕ್ಕಿದ್ದು. 2024ರ ಜೂನ್‌ನಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಹತ್ತಿರ ವಿದ್ಯುತ್ ತಗುಲಿ ಸತ್ತಿತು. ಭೀಮ ಎಂಬ ಕಾಡಾನೆ ಗಾಯಗೊಂಡಿತ್ತು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ ಅದಕ್ಕೆ ಚಿಕಿತ್ಸೆ ಕೊಡಲು ಅರಿವಳಿಕೆ ಚುಚ್ಚುಮದ್ದು ಹಾರಿಸಿದ ನುರಿತ ಗುರಿಕಾರರೇ ಅದರ ಕಾಲಡಿ ಜೀವ ಬಿಟ್ಟರು. ಹೆಸರಿನಲ್ಲಿ ಹಣೆಬರಹ ಬರೆದಿರುತ್ತದೆ ಎಂದು ನಂಬಿ ಪಾತ್ರಗಳನ್ನು ನಡೆಸುವವರು ಈ ತಾಲ್ಲೂಕುಗಳಿಂದ ದೂರ ಇರುವುದು ಒಳ್ಳೆಯದು.

ತೆಗೆದ ಜಾಗ ಖಾಲಿ ಉಳಿಯುತ್ತದೆ ಎಂದೂ ಎಣಿಸಬೇಡಿ. 2014ರ ಹೊತ್ತಿಗೆ ಈ ಬೆಟ್ಟಗಳಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಸಮಸ್ಯೆ ಮುಗಿಯಿತು ಎಂದು ಹಲವರು ಉಸಿರು ಬಿಟ್ಟರು. ಕೆಲವೇ ವರ್ಷಗಳಲ್ಲಿ ಅದೇ ಗದ್ದೆ, ಅದೇ ಹಲಸಿನ ಮರ, ಬೇರೆ ಆನೆ. ನಾಯಕಿಯನ್ನು ತೆಗೆದರೆ ಕಥೆಯೊಳಗೆ ಯಾರೋ ಒಬ್ಬರು ಆ ಜಾಗಕ್ಕೆ ನಡೆದು ಬರುತ್ತಾರೆ. ಯಾರು ಬರುತ್ತಾರೆ ಎಂದು ತಿಳಿಯದೆ ತೆಗೆಯಬೇಡಿ.

ಕೊಲ್ಲದೆ ಮುಗಿಸುವ ವಿಧಾನಗಳು

ಒಂದು ಅಕ್ಷರ ಬದಲಿಸಿ. ಕನ್ನಡದಲ್ಲಿ ಹದಿಹರೆಯದ ನಾಯಕನನ್ನು ಉಳಿಸಿದ ಅತಿ ಚೊಕ್ಕ ತಿದ್ದುಪಡಿ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸನ ಕಥೆಯಲ್ಲಿದೆ. ಕೊಲ್ಲಲು ಕಾಡಿಗೊಯ್ದವರು ಮನಕರಗಿ ಹುಡುಗನ ಆರನೇ ಬೆರಳನ್ನಷ್ಟೇ ಕತ್ತರಿಸಿ ಬಿಟ್ಟುಬಿಡುತ್ತಾರೆ. ಮುಂದೆ ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಓಲೆ ಕೊಟ್ಟು ಅದೇ ಹುಡುಗನ ಕೈಯಲ್ಲೇ ಕಳಿಸುತ್ತಾನೆ: ಇವನಿಗೆ ವಿಷ ಕೊಡು ಎಂದು. ತೋಟದಲ್ಲಿ ಮಲಗಿದ್ದವನ ಓಲೆಯನ್ನು ಬಿಚ್ಚಿ ಓದಿದ ಹುಡುಗಿ ಕಾಡಿಗೆಯಿಂದ ವಿಷವನ್ನು ವಿಷಯೆ ಮಾಡುತ್ತಾಳೆ. ವಿಷಯೆ ಅವಳದೇ ಹೆಸರು. ಸಾವಿನ ಅಧ್ಯಾಯ ಮದುವೆಯ ಅಧ್ಯಾಯವಾಗುತ್ತದೆ. ಇಷ್ಟು ಮಿತವ್ಯಯದ ಸಂಪಾದಕಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಗಮನಿಸಿ, ಕವಿ ಸಾವಿನ ಬಿಲ್ಲನ್ನು ಪೂರ್ತಿ ಹರಿದು ಹಾಕುವುದಿಲ್ಲ. ಆ ಹುಡುಗನಿಗಾಗಿ ಹೂಡಿದ ಮುಂದಿನ ಸಂಚಿಗೆ ದುಷ್ಟಬುದ್ಧಿಯ ಮಗ ಮದನನೇ ಬಲಿಯಾಗುತ್ತಾನೆ. ಆಮೇಲೆ ದೇವಿಯ ಕೃಪೆಯಿಂದ ಎದ್ದು ಕೂರುತ್ತಾನೆ ಅನ್ನಿ. ಆ ಸವಲತ್ತು ಈಗ ಲಭ್ಯವಿಲ್ಲ.

ಹಾರಲು ಬಿಡಿ. ತೇಜಸ್ವಿಯವರ ‘ಕರ್ವಾಲೊ’ (1980) ಪೂರ್ತಿ ಒಂದು ಹಾರುವ ಓತಿಯ ಹುಡುಕಾಟ. ವಿಜ್ಞಾನಿ, ಮಂದಣ್ಣ, ಕರಿಯಪ್ಪ, ಪ್ಯಾರ, ಕಿವಿ ಎಂಬ ನಾಯಿ, ಎಲ್ಲ ಸೇರಿ ಕಾಡು ಸುತ್ತಿ ಕೊನೆಗೆ ಅದನ್ನು ಕಾಣುತ್ತಾರೆ. ಹಿಡಿದು ಸ್ಪಿರಿಟ್ಟಿನ ಬಾಟಲಿಗೆ ಹಾಕುವ ಅವಕಾಶ ಕಥೆಗಿತ್ತು. ಲೇಖಕರು ಅದನ್ನು ಬಂಡೆಯಂಚಿನಿಂದ ಕಣಿವೆಗೆ ತೇಲಿಬಿಟ್ಟರು. ಕೈಗೆ ಸಿಗಲಿಲ್ಲ, ಸಾಯಲೂ ಇಲ್ಲ. ನನಗೆ ಹದಿನೈದಿರುವಾಗ ಆ ಪುಟ ಓದಿ ಅತ್ತೆ. ಯಾರೂ ಸತ್ತಿರಲಿಲ್ಲ.

ಕೊಂದು ಹಿಂತೆಗೆದುಕೊಳ್ಳುವ ವಿಧಾನವನ್ನು ಕಾನನ್ ಡಾಯ್ಲ್ 1893ರಲ್ಲಿ ಜಲಪಾತಕ್ಕೆ ತಳ್ಳಿದ ಷರ್ಲಾಕ್ ಹೋಮ್ಸನನ್ನು 1903ರಲ್ಲಿ ಒಣಬಟ್ಟೆಯಲ್ಲಿ ವಾಪಸು ಕರೆತಂದು ತೋರಿಸಿದ್ದಾನೆ. ಹತ್ತು ವರ್ಷ ಕಾಯುವ ಓದುಗರು ನಿಮಗಿದ್ದರೆ ಮಾಡಿ.

‘ನಾನು’ ಎಂದು ಬರೆಯುತ್ತಿದ್ದರೆ

ಬೇಡ. ಕಥೆ ಹೇಳುತ್ತಿರುವವಳೇ ಸತ್ತರೆ ಪೆನ್ನು ಯಾರ ಕೈಗೆ? ವೆರೋನಿಕಾ ರಾತ್ ‘ಅಲೀಜಿಯಂಟ್’ನಲ್ಲಿ (2013) ಹೀಗೆ ಮಾಡಲು ಆ ಪುಸ್ತಕದಲ್ಲಿ ಮೊದಲಿನಿಂದಲೇ ಎರಡನೇ ನಿರೂಪಕನನ್ನು ಕೂರಿಸಬೇಕಾಯಿತು. ಜಾಣ ಓದುಗರು ಅವನನ್ನು ಕಂಡ ಕೂಡಲೇ ವಾಸನೆ ಹಿಡಿದರು. ಪಕ್ಕದಲ್ಲಿ ಹೆಚ್ಚುವರಿ ಚಾಲಕ ಕೂತ ಬಸ್ಸನ್ನು ನೋಡಿದ ಹಾಗೆ.

ತೊಂದರೆ ನಿವಾರಣೆ

ಪಾತ್ರ ಸಾಯುತ್ತಿಲ್ಲ, ಪುಟಗಟ್ಟಲೆ ಮಾತಾಡುತ್ತಲೇ ಇದೆ: ಅದು ಸಿನಿಮಾದ ರೋಗ. ಒಂದು ಲೋಟ ನೀರು ಕೊಟ್ಟು ಮಲಗಿಸಿ. ಪಾತ್ರ ಸತ್ತಿತು, ಆದರೆ ಯಾರಿಗೂ ಏನೂ ಅನ್ನಿಸುತ್ತಿಲ್ಲ: ಅದು ಮೊದಲು ಬದುಕಿತ್ತೇ ಪರೀಕ್ಷಿಸಿ. ಪಾತ್ರ ಸತ್ತ ಮೇಲೆ ಉಳಿದವರೆಲ್ಲ ದಿಢೀರನೆ ಒಳ್ಳೆಯವರಾದರು: ಇದು ದೊಡ್ಡ ದೋಷ. ಒಂದು ಹುಡುಗಿ ಸತ್ತದ್ದು ಅವಳಪ್ಪ ಕುಡಿತ ಬಿಡಲೆಂದೇ? ಅವಳ ಜೀವವೇನು ಮದ್ಯಪಾನ ಸಂಯಮ ಮಂಡಳಿಯ ಜಾಹೀರಾತೇ? ಹಸ್ತಪ್ರತಿಯನ್ನು ಒಲೆಗೆ ಹಾಕಿ, ನೀರು ಕಾಯಿಸಿಕೊಳ್ಳಿ.

ಮರುದಿನ

ಚೌಕಿಯ ಪಾಠ ಮೂರು ವರ್ಷ ನಡೆಯಿತು ಎಂದೆ. ನಾಲ್ಕನೇ ವರ್ಷ ಆಷಾಢದಲ್ಲಿ ನನ್ನ ಬೆಂಚಿನ ಹುಡುಗ ಕಾಲುಸಂಕದಿಂದ ಜಾರಿದ. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ, ಹಿಡಿಯಲು ಒಂದು ಬಿದಿರು. ಪಾಚಿ ಕಟ್ಟಿತ್ತು. ಊರಿಗೇ ಗೊತ್ತಿತ್ತು. ಎರಡು ದಿನದ ನಂತರ ಕೆಳಗಿನ ಗದ್ದೆಯ ಹತ್ತಿರ ಸಿಕ್ಕ.

ಆ ದಿನದ್ದೇನೂ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಶಾಲೆ ಮತ್ತೆ ತೆರೆದ ಬೆಳಿಗ್ಗೆ. ಮೇಷ್ಟ್ರು ಹಾಜರಿ ಕರೆಯುತ್ತ ಅಭ್ಯಾಸಬಲದಿಂದ ಅವನ ಹೆಸರನ್ನೂ ಕರೆದುಬಿಟ್ಟರು. ಯಾರೂ ಉಸಿರೆತ್ತಲಿಲ್ಲ. ಹಂಚಿನ ಮೇಲೆ ಮಳೆ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮುಂದಿನ ಹೆಸರು ಕರೆದರು. ಬೆಂಚಿನಲ್ಲಿ ಅವನ ಜಾಗದ ಕಡೆ ಸರಿದು ಕೂರಬೇಕೋ ಬೇಡವೋ ಎಂದು ನಾನು ಆ ವಾರವೆಲ್ಲ ಯೋಚಿಸಿದೆ. ಅವನ ಕೊಡೆ ಕಿಟಕಿಯ ಸರಳಿಗೆ ತೂಗುಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ನಮ್ಮನ್ನು ಹೆದರಿಸಿದ್ದು ಅವನು ಸತ್ತ ಸುದ್ದಿಯಲ್ಲ. ಶಾಲೆ ಮತ್ತೆ ನಡೆದದ್ದು. ಅದನ್ನು ಹೇಗೆ ನಡೆಸಬೇಕೆಂದು ದೊಡ್ಡವರಿಗೂ ಗೊತ್ತಿಲ್ಲ ಎಂದು ಆ ಮುಚ್ಚಳದಿಂದ ನಮಗೆ ತಿಳಿದುಹೋಯಿತು.

ಅಮೆರಿಕದ ಕ್ಯಾಥರೀನ್ ಪ್ಯಾಟರ್‌ಸನ್ ತನ್ನ ಮಗನ ಗೆಳತಿ ಸಿಡಿಲು ಬಡಿದು ಸತ್ತ ಮೇಲೆ ‘ಬ್ರಿಜ್ ಟು ಟೆರಬಿಥಿಯಾ’ (1977) ಬರೆದಳು. ಅದರಲ್ಲೂ ತುಂಬಿದ ಹಳ್ಳ, ಅದರ ಮೇಲೆ ಜೋತಾಡುವ ಹಗ್ಗ, ಸಾಯುವ ಹುಡುಗಿ. ಆದರೆ ಪುಸ್ತಕದ ಹೆಸರಿನಲ್ಲಿರುವುದು ಹಗ್ಗವಲ್ಲ. ಉಳಿದ ಹುಡುಗ ಕೊನೆಯಲ್ಲಿ ಅದೇ ಹಳ್ಳಕ್ಕೆ ಹಲಗೆ ಜೋಡಿಸಿ ಸಂಕ ಕಟ್ಟುತ್ತಾನೆ, ಪುಟ್ಟ ತಂಗಿಯನ್ನು ಕೈಹಿಡಿದು ದಾಟಿಸುತ್ತಾನೆ. ಅದನ್ನು ಓದಿದಾಗ ನನಗೆ ನಲವತ್ತು ದಾಟಿತ್ತು. ಸಾವಿನ ಪುಟವನ್ನು ಯಾರು ಬೇಕಾದರೂ ಬರೆಯಬಹುದು, ಮಳೆ ಹುಯ್ಯಿಸಿದರೆ ಅರ್ಧ ಕೆಲಸ ಮುಗಿಯಿತು. ಸಂಕದ ಪುಟ ಬರೆಯಲು ಬರದವರು ಹಗ್ಗ ಕತ್ತರಿಸಬಾರದು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಬೇಕಾದ ಸಾಲು ಇದೊಂದೇ, ಆದರೆ ದಪ್ಪಕ್ಷರದ ಸಾಲನ್ನು ಯಾರೂ ಓದುವುದಿಲ್ಲ.

ನನ್ನ ಹುಡುಗಿಯನ್ನೂ ಆನೆಯ ಕಾಲಿಗೆ ಕೊಡಲಿಲ್ಲ. ಆನೆ ಅಧ್ಯಾಯ ಪೂರ್ತಿ ಸುತ್ತಾಡಿ ಭತ್ತ ತಿಂದು ಹೋಯಿತು. ನೂರ ನಲವತ್ತೊಂದನೇ ಪುಟದಲ್ಲಿ ಕಾಲುಸಂಕ ಬಂತು. ಅವಳು ಜಾರಿದಂತೆ ಒಂದು ಬರೆದು, ದಾಟಿದಂತೆ ಇನ್ನೊಂದು ಬರೆದು, ಎರಡನ್ನೂ ನಕಲು ಮಾಡಿಸಿ ಪಕ್ಕದ ತೋಟದ ರೈಟರ್ ಮಗಳಿಗೆ ಕೊಟ್ಟೆ. ಅವಳೂ ಒಂಬತ್ತನೇ ತರಗತಿ.

ವಾರದ ನಂತರ ಪೆನ್ಸಿಲ್ ಗುರುತುಗಳೊಡನೆ ವಾಪಸು ಬಂತು. ಐವತ್ತೆರಡನೇ ಪುಟದಲ್ಲಿ ಹೆಣ್ಣಾನೆಗೆ ಕೋರೆ ಇಟ್ಟಿದ್ದಕ್ಕೆ ಒಂದು ಅಡ್ಡಗೆರೆ. ಎಂಬತ್ತೇಳರಲ್ಲಿ ‘ಡಿಸೆಂಬರಲ್ಲಿ ಹಲಸಿನ ಹಣ್ಣು ಎಲ್ಲಿಂದ?’ ದಾಟಿ ಬದುಕುವ ಪ್ರತಿಯ ಮೇಲೆ ಒಂದೂ ಗುರುತಿಲ್ಲ, ಓದಿದಳೋ ಇಲ್ಲವೋ. ಸಾಯುವ ಪ್ರತಿಯ ಕೊನೆಯ ಪುಟದ ಕೆಳಗೆ ಸಣ್ಣದಾಗಿ ಬರೆದಿದ್ದಳು: ‘ಅವಳ ಸೈಕಲ್ ಆಮೇಲೆ ಯಾರು ತಗೊಂಡ್ರು?’

ಎಂಟನೇ ತರಗತಿಯವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್. ಮೂವತ್ತನೇ ಪುಟದಲ್ಲಿ ನಾನೇ ಕೊಡಿಸಿದ್ದೆ, ಬೆಲ್ಲಿಗೆ ಕೆಂಪು ದಾರ ಕಟ್ಟಿಸಿದ್ದೆ, ಆಮೇಲೆ ಹಲಸಿನ ಮರಕ್ಕೆ ಒರಗಿಸಿ ಮರೆತಿದ್ದೆ. ಅಪ್ಪನಂತೆ ಮಗಳೂ ಹಾಜರಿ ಹಾಕಿದ್ದಾಳೆ.

ಮೊದಲು ಹುಡುಗಿಗೆ ಹೆಸರಿಟ್ಟೆ. ಅದೇನೆಂದು ಇಲ್ಲಿ ಹೇಳುವುದಿಲ್ಲ. ನೂರ ನಲವತ್ತನಾಲ್ಕನೇ ಪುಟದಲ್ಲಿ ಈಗ ಅವಳ ತಮ್ಮ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅವನಿಗೆ ಪೆಡಲು ಎಟುಕುವುದಿಲ್ಲ, ಸೀಟು ತಗ್ಗಿಸಬೇಕು. ನಟ್ಟು ತುಕ್ಕು ಹಿಡಿದು ತಿರುಗುತ್ತಿಲ್ಲ. ಅಜ್ಜಿ ಕೊಬ್ಬರಿ ಎಣ್ಣೆ ತರಲು ಒಳಗೆ ಹೋಗಿದ್ದಾಳೆ.